ಗೇಟಿನ ಹೊರಗಿನ ಬಕೆಟ್

"ಡೆನಿಸ್ ಅಂಕಲ್ ಸ್ವಂತ ಹೆಂಡತಿಗೇ ಫೈನ್ ಹಾಕಿದ್ದು ಮಾರಾಯ್ತಿ! ನೆಲ್ಲಿ ಆಂಟಿಗೆ!"

"ಎಂತಕ್ಕೆ?" ಸಿಂಥಿಯಾಳ ಗೆಳತಿ ಶರೊನ್‌ಗೆ ನಗು ತಡೆಯಲಾಗಲಿಲ್ಲ.

"ಹೂವಿನ ಚಟ್ಟಿಯಡಿ ನೀರು ನಿಂತದ್ದಕ್ಕೆ."

ಸಿಂಥಿಯಾಳ ತೋಳನ್ನು ಅವಳ ತಾಯಿ ಮಾರ್ಸೆಲಿನ್ ಚಿವುಟಿದಳು. "ಮೆಲ್ಲ ಮಾತಾಡು. ಬಾಡಿ ಒಳಗೆ ಉಂಟು."

ಒಳಗೆ ಪೆಟ್ಟಿಗೆಯಲ್ಲಿ ಡೆನಿಸ್ ಲೋಬೊ ಮಲಗಿದ್ದ. ನಗರದ ಮಲೇರಿಯಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಜೆಪ್ಪುವಿನ ಆ ಓಣಿಯಲ್ಲಿ ಅವನಿಂದ ನೋಟೀಸು ಪಡೆಯದ ಮನೆಯಿರಲಿಲ್ಲ. ಜನ ಬಂದಿದ್ದರು, ಆದರೆ ಎಲ್ಲರೂ ಅಂಗಳದಲ್ಲೇ. ಒಳಗೆ, ಬಾಡಿಗೆಗೆ ತಂದ ಖಾಲಿ ಕುರ್ಚಿಗಳ ನಡುವೆ ಮಗಳು ಶೆರಿಲ್ ಒಬ್ಬಳೇ ಕೂತು ಗೇಟನ್ನೇ ನೋಡುತ್ತಿದ್ದಳು.

"ಫಾದರ್ ಕಾಯ್ತಿದ್ದಾರೆ," ಪಕ್ಕದ ಮನೆಯ ರಾಧಾಕೃಷ್ಣ ಹೇಳಿದರು. "ಮುಚ್ಚಳ ಹಾಕುದಾ?"

"ಮಮ್ಮಿ ಬರದೆ ಹಾಕುದಿಲ್ಲ ಅಂಕಲ್."

"ಬರ್ತಾಳಂತಾ?"

"ಬರ್ತೇನೆ ಅಂತ ಹೇಳ್ಲಿಲ್ಲ. ಬರುದಿಲ್ಲ ಅಂತಲೂ ಹೇಳ್ಲಿಲ್ಲ."

ರಾಧಾಕೃಷ್ಣ ಪೆಟ್ಟಿಗೆಯತ್ತ ನೋಡಿದರು. "ನಮ್ಮ ಬಾವಿಗೆ ಬಲೆ ಇಲ್ಲಾಂತ ನನಗೂ ಫೈನ್ ಹಾಕಿದ್ದ. ಒಂದು ಚಾ ಕುಡಿ ಮಾರಾಯ ಅಂದ್ರೆ, ಚಾ ಕುಡಿದ್ರೆ ಮತ್ತೆ ನೋಟೀಸು ಕೊಡ್ಲಿಕ್ಕೆ ಕೈ ಬರುದಿಲ್ಲ ಅಂದ. ಯಾರ ಮನೆಯಲ್ಲೂ ಕುಡೀಲಿಲ್ಲ ಕಾಣ್ತದೆ."

*

ವರ್ಷಗಳ ಹಿಂದಿನ ಆ ಮಳೆಗಾಲ ಓಣಿಯ ಮನೆಮನೆಯಲ್ಲೂ ಜ್ವರ. ಆಗ ಎರಡನೇ ಕ್ಲಾಸಿನಲ್ಲಿದ್ದ ಸಿಂಥಿಯಾ ಐಸಿಯುನಲ್ಲಿದ್ದಳು. ಅದೇ ವಾರ ಮುಚ್ಚಳವಿಲ್ಲದ ಟ್ಯಾಂಕಿಗೆಂದು ಡೆನಿಸ್ ಮಾರ್ಸೆಲಿನ್‌ಗೆ ನೋಟೀಸು ಕೊಟ್ಟ.

"ನಮ್ಮ ಟ್ಯಾಂಕು ಮಾತ್ರ ಕಾಣುದಾ ನಿಂಗೆ? ಮೊದಲು ನಿನ್ನ ಮನೆ ನೋಡು!" ಅವಳು ಬೀದಿಗೇ ಕೇಳುವಂತೆ ಕೂಗಿದಳು.

ಡೆನಿಸ್ ತನ್ನ ಅಂಗಳಕ್ಕೆ ಹೋಗಿ, ನೆಲ್ಲಿ ಆಸೆಯಿಂದ ಬೆಳೆಸಿದ ಆಂಥೂರಿಯಂ ಚಟ್ಟಿಗಳನ್ನು ಒಂದೊಂದಾಗಿ ಎತ್ತಿದ. ಅಡಿಯ ತಟ್ಟೆಗಳಲ್ಲಿ ಸೊಳ್ಳೆಮರಿಗಳು ಮಿಲಮಿಲ ಎನ್ನುತ್ತಿದ್ದವು. ಓಣಿಯವರೆಲ್ಲ ಗೇಟಿನಲ್ಲಿ ನೆರೆದಿದ್ದರು. ಅವನು ಚೀಲದಿಂದ ನೋಟೀಸು ಪುಸ್ತಕ ತೆಗೆದ.

"ಹೆಸರು?"

ನೆಲ್ಲಿ ನಕ್ಕಳು.

"ಹೆಸರು ಹೇಳ್ಬೇಕು. ಎಲ್ಲರನ್ನೂ ಕೇಳ್ತೇನೆ." ಅವನು ತಲೆ ಎತ್ತಲಿಲ್ಲ.

ನಗು ನಿಂತಿತು. "ನೆಲ್ಲಿ ಲೋಬೊ," ಎಂದಳು, ಯಾರೋ ಆಫೀಸರಿಗೆ ಹೇಳುವ ಹಾಗೆ.

ಸಂಜೆ ಅವಳು ಕೂಳೂರಿನ ಅಕ್ಕನ ಮನೆಗೆ ಹೋದಳು. ಮತ್ತೆ ಬರಲಿಲ್ಲ.

*

ರಿಕ್ಷಾ ನಿಂತಿತು. ನೆಲ್ಲಿ ಇಳಿದು, ಹೂವಿನ ಚಟ್ಟಿಗಳಿಲ್ಲದ ಅಂಗಳವನ್ನೊಮ್ಮೆ ನೋಡಿ, ಒಳಗೆ ಬಂದು ಗಂಡನ ಹಣೆಯ ಮೇಲೆ ಕೈಯಿಟ್ಟಳು. ತುಂಬ ಹೊತ್ತು ತೆಗೆಯಲಿಲ್ಲ.

"ಪಪ್ಪ ಒಂದು ಸಲ ಆದ್ರೂ ನಿನ್ನನ್ನು ಕರೀಲಿಕ್ಕೆ ಬರ್ಬೇಕಿತ್ತು," ಶೆರಿಲ್ ಬಿಕ್ಕಿದಳು.

"ಬರ್ತಿದ್ರು. ಪ್ರತಿ ಭಾನುವಾರ."

"ಎಂತ?"

"ಅಕ್ಕನ ಮನೆಯ ಗೇಟಿನ ಹೊರಗೆ ಬಕೆಟ್ ಇರ್ತಿತ್ತು. ನೀರು ಚೆಲ್ಲಿ, ಬೋರಲು ಹಾಕಿ ಹೋಗ್ತಿದ್ರು. ನಾನು ಕಿಟಕಿಯಲ್ಲಿ."

"ಮಾತು?"

"ಇಲ್ಲ."

"ಪ್ರತಿ ವಾರ ಅಲ್ಲಿ ಬಕೆಟ್ ಯಾರು ಇಡುದು ಮಮ್ಮಿ?"

ನೆಲ್ಲಿ ಪೆಟ್ಟಿಗೆಯ ಬಿಳಿ ಬಟ್ಟೆಯ ಸುಕ್ಕು ಸರಿಮಾಡಿದಳು. "ಈ ಭಾನುವಾರ ಹಾಗೇ ತುಂಬಿ ಇತ್ತು. ರಾತ್ರಿವರೆಗೆ ನೋಡಿದೆ."

ಮಾರ್ಸೆಲಿನ್ ಅಂಗಳದಿಂದ ಒಳಗೆ ಬಂದು ಒಂದು ಕುರ್ಚಿಯಲ್ಲಿ ಕೂತಳು.

*

ಮಣ್ಣು ಹಾಕಿ ಆಯಿತು. ಜನ ಚದುರಿದರು. ಹೊಸ ಗೋರಿಯ ತಲೆಯ ಕಡೆ ಯಾರೋ ಗಾಜಿನ ಹೂದಾನಿ ಇಟ್ಟು ಹೋಗಿದ್ದರು. ಸಿಂಥಿಯಾ ಬಗ್ಗಿ ಅದನ್ನು ಎತ್ತಿದಳು.

"ನೀರು ಉಂಟು ಆಂಟಿ. ಚೆಲ್ತೇನೆ. ಅಂಕಲ್ ಇದ್ದಿದ್ರೆ..."

"ಬೇಡ. ಇವತ್ತು ಇರ್ಲಿ." ನೆಲ್ಲಿ ಹೂದಾನಿಯನ್ನು ತೆಗೆದುಕೊಂಡು ಮತ್ತೆ ಮಣ್ಣಿನಲ್ಲಿ ಊರಿದಳು. "ನಾಳೆ ನಾನೇ ಬಂದು ಚೆಲ್ತೇನೆ."

"ಕೂಳೂರಿಂದ? ಇದಕ್ಕೋಸ್ಕರ?"

"ಏಳು ಗಂಟೆಗೆ. ನೀನೂ ಬಾ."

"ಬರ್ತೇನೆ ಆಂಟಿ. ಸಿಮೆಟ್ರಿ ಗೇಟಿನ ಹತ್ರ ಕಾಯ್ತೇನೆ."

ಸೇವಂತಿಗೆಯ ದಂಟುಗಳ ಸುತ್ತ ನೀರು ಅಂಚಿನವರೆಗೂ ತುಂಬಿ, ಅಲುಗದೆ ನಿಂತಿತ್ತು.