ಅಪ್ಪನ ಹೆಸರಿನ ಪೇಟೆಂಟ್

ಸನ್ಮಾನ ಯಾರಿಗೆ ಬೇಡ ಹೇಳಿ? ಬೇಡ ಬೇಡ ಎನ್ನುತ್ತಲೇ ಹಾರಕ್ಕೆ ಕತ್ತು ಬಗ್ಗಿಸುವವರೇ ನಾವೆಲ್ಲ. ರಾಜಾಜಿನಗರದ ಸಣ್ಣ ಕಾರ್ಖಾನೆಗಳ ಸಂಘದ ಕಾರ್ಯದರ್ಶಿ ಚಕ್ರಪಾಣಿ ಫೋನ್ ಮಾಡಿ, "ಶನಿವಾರ ನಮ್ಮ ಹಾಲ್‌ನಲ್ಲಿ ಪೇಟೆಂಟ್ ಬಗ್ಗೆ ಕಾರ್ಯಕ್ರಮ ಇಟ್ಕೊಂಡಿದೀವಿ. ನಮ್ಮ ಮೆಂಬರ್ಸ್‌ನಲ್ಲಿ ಪೇಟೆಂಟ್ ಬಂದಿರೋದು ನಿಮಗೊಬ್ರಿಗೇ. ಮಿಷನ್ನೂ ತನ್ನಿ, ಸರ್ಟಿಫಿಕೇಟೂ ತನ್ನಿ, ಶಾಲು ಹೊದಿಸ್ತೀವಿ" ಎಂದಾಗ ಸಿದ್ದಲಿಂಗೇಶನೂ "ಅಯ್ಯೋ ಬೇಡ ಸಾರ್" ಎಂದ. ವ್ಯತ್ಯಾಸ ಇಷ್ಟೇ, ಅವನು ನಿಜವಾಗಿಯೂ ಬೇಡ ಎಂದಿದ್ದ. ಅದು ಚಕ್ರಪಾಣಿಗೆ ಹೇಗೆ ತಿಳಿಯಬೇಕು?

"ಸಂಕೋಚ ಬಿಡಿ. ಊಟಕ್ಕೂ ನಿಮ್ಮ ಅಕ್ಕನಿಗೇ ಹೇಳಿದೀನಿ. ನಿಮ್ಮ ಮಿಷನ್ ರೊಟ್ಟಿನೇ ಎಲ್ಲರೂ ತಿನ್ಲಿ."

ಅಕ್ಕ ಎಂಬ ಮಾತು ಕೇಳಿದ್ದೇ ಸಿದ್ದಲಿಂಗೇಶ್ ವಾದ ನಿಲ್ಲಿಸಿದ. ಆಯ್ತು ಸಾರ್ ಎಂದು ಫೋನ್ ಇಟ್ಟ.

ಅವನದು ಜೋಳದ ರೊಟ್ಟಿ ಒತ್ತುವ ಯಂತ್ರ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅಪ್ಪ ರೇವಣಸಿದ್ದಯ್ಯ ಕಟ್ಟಿದ ವರ್ಕ್‌ಶಾಪಿನಲ್ಲಿ, ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ಮಾಡಿದ್ದು. ಚಪಾತಿ ಒತ್ತುವ ಯಂತ್ರ ಊರ ತುಂಬ ಇವೆ. ಆದರೆ ಗೋಧಿ ಹಿಟ್ಟಿಗಿರುವ ಜಿಗುಟು ಜೋಳಕ್ಕಿಲ್ಲ. ಒತ್ತಿದರೆ ಅಂಚು ಬಿರಿದು ರೊಟ್ಟಿ ಹಪ್ಪಳವಾಗುತ್ತದೆ. ಎಂಟು ತಿಂಗಳು ಅವನು ತಟ್ಟೆಯ ದಪ್ಪ ಬದಲಿಸಿದ, ಭಾರ ಬದಲಿಸಿದ, ಬಿಸಿ ಬದಲಿಸಿದ, ಕೊನೆಗೆ ಹಿಟ್ಟು ಪೂರೈಸುವವನನ್ನೂ ಬದಲಿಸಿದ. ರೊಟ್ಟಿ ಬಿರಿಯುವುದನ್ನು ಮಾತ್ರ ಬಿಡಲಿಲ್ಲ.

ಆಗ ಬಂದವಳು ಅಕ್ಕ ಕಲ್ಯಾಣಮ್ಮ. ಅವನಿಗಿಂತ ಐದು ವರ್ಷಕ್ಕೆ ದೊಡ್ಡವಳು; ಗಂಡ ಹೋದ ಮೇಲೆ ಬಸವೇಶ್ವರನಗರದಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಬಾಗಿಲಲ್ಲಿ ನಿಂತು ನಾಲ್ಕು ರೊಟ್ಟಿ ಹಾಳಾಗುವವರೆಗೆ ನೋಡಿದಳು. ಆಮೇಲೆ ಒಳಗೆ ಬಂದು ತಮ್ಮನ ಅಂಗೈ ಹಿಡಿದು ಹಿಟ್ಟಿನ ಉಂಡೆಯ ಮೇಲೆ ಇಟ್ಟಳು.

"ಬಡಿಯೋವಾಗ ಕೈ ಸುಮ್ನೆ ಕೆಳಗೆ ಬರುತ್ತೇನೋ? ಬಡೀತಾ ಬಡೀತಾ ರೊಟ್ಟಿನ ತಿರುಗಿಸ್ತೀವಿ. ನಿನ್ನ ತಟ್ಟೆ ನೋಡಿದ್ರೆ ಎಮ್ಮೆ ಕೂತ ಹಾಗೆ ದೊಪ್ಪಂತ ಕೂತ್ಕೊಳ್ಳುತ್ತೆ. ಅದೂ ತಿರುಗ್ತಾ ಇಳೀಬೇಕು ಕಣೋ."

"ಇಳಿಯೋ ತಟ್ಟೆ ತಿರುಗೋದು ಹೆಂಗಕ್ಕ?"

ಕಲ್ಯಾಣಮ್ಮ ನೆಲದ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು ಕಬ್ಬಿಣದ ಬೆಂಚಿನ ಮೇಲೆ ಬರೆದಳು. ತಟ್ಟೆ ಹಿಡಿದ ದಂಡಕ್ಕೆ ಓರೆಯಾಗಿ ಒಂದು ಕಾಲುವೆ ಕೊರೆದರೆ, ಅದರಲ್ಲಿ ಒಂದು ಪಿನ್ನು ಓಡಿದರೆ, ದಂಡ ಇಳಿಯುವಾಗ ತಾನೇ ಕಾಲು ಸುತ್ತು ತಿರುಗುತ್ತದೆ. ಹತ್ತು ನಿಮಿಷದ ಕೆಲಸ. ವಾರದಲ್ಲಿ ಸಿದ್ದಲಿಂಗೇಶ್ ಅದನ್ನು ಕೊರೆದ. ಹತ್ತರಲ್ಲಿ ಒಂಬತ್ತು ರೊಟ್ಟಿ ಚಂದ್ರನಷ್ಟು ದುಂಡಗೆ ಬಂದವು. ಹತ್ತನೆಯದು ಮಾತ್ರ ಅಂಚು ಬಿರಿಯುತ್ತಿತ್ತು. ಅದು ಯಾಕೆಂದು ಇವತ್ತಿಗೂ ಅವನಿಗೆ ಗೊತ್ತಾಗಿಲ್ಲ.

ಅಷ್ಟರವರೆಗೆ ಎಲ್ಲ ನೆಟ್ಟಗಿತ್ತು. ವಕ್ರವಾದದ್ದು ಪೇಟೆಂಟ್ ಅರ್ಜಿ ತುಂಬುವಾಗ. ಅದರಲ್ಲಿ ಸಂಶೋಧಕರ ಹೆಸರು ಎಂದು ಒಂದು ಕಾಲಂ. ಅಲ್ಲಿ ಅವನು ದಿವಂಗತ ರೇವಣಸಿದ್ದಯ್ಯ ಎಂದು ಬರೆಸಿದ.

ನಮ್ಮಲ್ಲಿ ಲಗ್ನಪತ್ರಿಕೆಯೇ ಇರಲಿ, ಗೃಹಪ್ರವೇಶದ ಕಾರ್ಡೇ ಇರಲಿ, ಮೇಲೆ ಹಿರಿಯರ ಹೆಸರು ಹಾಕುತ್ತೇವೆ. ಸತ್ತವರಿದ್ದರೆ ಅವರ ಆಶೀರ್ವಾದದಿಂದ ಎಂದು ಇನ್ನೂ ಮೇಲೆ ಹಾಕುತ್ತೇವೆ. ಅದೇ ಪದ್ಧತಿ ಎಂದು ಅವನು ಹೆಂಡತಿಗೆ ಹೇಳಿದ, ಅರ್ಜಿ ಬರೆದವರಿಗೆ ಹೇಳಿದ, ತನಗೂ ಹೇಳಿಕೊಂಡ. ಅಪ್ಪನ ಹಳೇ ಡೈರಿಯಲ್ಲಿ ಈ ಚಿತ್ರ ಇತ್ತು ಎಂದು ಒಂದು ಸುಳ್ಳನ್ನೂ ಸೇರಿಸಿದ. ಒಳಗಿನ ಲೆಕ್ಕಾಚಾರ ಬೇರೆ. ತನ್ನ ಹೆಸರು ಬರೆದರೆ ಅದು ಕಳ್ಳತನ. ಅಕ್ಕನ ಹೆಸರು ಬರೆದರೆ, ಡಿಪ್ಲೊಮಾ ಓದಿದ ತಾನು ಎಂಟು ತಿಂಗಳು ಒದ್ದಾಡಿದ್ದನ್ನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಹತ್ತು ನಿಮಿಷದಲ್ಲಿ ಬಿಡಿಸಿದಳೆಂದು ಎಸ್ಟೇಟಿಗೆಲ್ಲ ಗೊತ್ತಾಗುತ್ತದೆ. ಅಪ್ಪನ ಹೆಸರು ಬರೆದರೆ ಎರಡೂ ತಾಪತ್ರಯ ಇಲ್ಲ. ಕಳ್ಳತನಕ್ಕೆ ವಿಭೂತಿ ಬಳಿದ ಹಾಗಾಯಿತು, ಅಷ್ಟೇ.

ಸತ್ತವರ ಪರವಾಗಿ ಅರ್ಜಿ ಹಾಕಬೇಕಾದರೆ ವಾರಸುದಾರರೆಲ್ಲ ಸಹಿ ಮಾಡಬೇಕಂತೆ. ವಾರಸುದಾರರು ಇಬ್ಬರೇ, ಅವನು ಮತ್ತು ಅಕ್ಕ. ಒಂದು ಬೆಳಿಗ್ಗೆ ರೊಟ್ಟಿ ಕೇಂದ್ರಕ್ಕೆ ಹೋಗಿ, "ಮಿಷನ್ ಕಾಗದ ಅಕ್ಕ, ಇಲ್ಲೊಂದು ಸೈನ್ ಹಾಕು" ಎಂದ. ಅವಳು ಕೈ ಒರೆಸಿಕೊಂಡು, ಕಾಗದ ಹಿಡಿದು ಸ್ವಲ್ಪ ಹೊತ್ತು ಒಳಗೆ ಹೋಗಿ, ಸಹಿ ಮಾಡಿ ತಂದು ಕೊಟ್ಟಳು. ಓದಿರಲಾರಳು, ಒಲೆ ನೋಡಲು ಹೋಗಿರಬೇಕು ಎಂದು ಅವನು ಮೂರು ವರ್ಷದಿಂದ ನಂಬಿಕೊಂಡು ಬಂದಿದ್ದ.

ಶನಿವಾರ ಹಾಲ್ ತುಂಬಿತ್ತು. ಸ್ಪ್ರಿಂಗ್ ಮಾಡುವವರು, ಅಚ್ಚು ಮಾಡುವವರು, ಪಂಪು ಮಾಡುವವರು, ನಾಲ್ಕೈದು ಕಾಲೇಜು ಹುಡುಗರು. ವೇದಿಕೆಯ ಮೇಲೆ ಒಂದು ಕಡೆ ಯಂತ್ರ, ಅದಕ್ಕೆ ಸೇವಂತಿಗೆ ಹಾರ. ಇನ್ನೊಂದು ಕಡೆ ಫ್ರೇಮು ಹಾಕಿಸಿದ ಸರ್ಟಿಫಿಕೇಟು. ಮಾತಾಡಲು ಬಂದವಳು ಅಪೂರ್ವ ಎಂಬ ಪೇಟೆಂಟ್ ಏಜೆಂಟ್. ಮೂವತ್ತು ದಾಟಿರದ ಹುಡುಗಿ, ಆದರೆ ಕಷ್ಟದ ವಿಷಯವನ್ನು ತರಕಾರಿ ಹೆಚ್ಚಿದಷ್ಟು ಸಲೀಸಾಗಿ ಹೇಳುತ್ತಿದ್ದಳು.

"ಮನೆ, ಸೈಟು ಹೆಂಗೆ ಆಸ್ತಿನೋ, ತಲೆಯಲ್ಲಿ ಹುಟ್ಟಿದ್ದೂ ಹಂಗೇ ಆಸ್ತಿ. ನಿಮ್ಮ ಅಂಗಡಿ ಹೆಸರು, ಗುರುತು ಕಾಪಾಡೋದು ಟ್ರೇಡ್‌ಮಾರ್ಕ್. ಬರೆದಿದ್ದು, ಹಾಡಿದ್ದು ಕಾಪಾಡೋದು ಕಾಪಿರೈಟ್. ವಸ್ತುವಿನ ಚಂದ, ಆಕಾರಕ್ಕೆ ಡಿಸೈನ್. ಅದು ಕೆಲಸ ಮಾಡೋ ಹೊಸ ರೀತಿಗೆ ಪೇಟೆಂಟ್, ಇಪ್ಪತ್ತು ವರ್ಷ. ಆದರೆ ಅದು ನಿಜವಾಗ್ಲೂ ಹೊಸದಾಗಿರ್ಬೇಕು. ಆ ಕಸುಬು ಗೊತ್ತಿರೋರು ಯಾರು ಬೇಕಾದ್ರೂ ಮಾಡ್ಬಿಡ್ತಾರೆ ಅನ್ನೋ ಹಂಗಿರಬಾರದು. ಉಪಯೋಗಕ್ಕೂ ಬರಬೇಕು. ಇನ್ನೊಂದು ಮಾತು ದಯವಿಟ್ಟು ನೆನಪಿಟ್ಕೊಳ್ಳಿ. ಅರ್ಜಿ ಹಾಕೋ ಮುಂಚೆ ಯಾರಿಗೂ ತೋರಿಸ್ಬೇಡಿ. ಆಯುಧಪೂಜೆ ದಿನ ಮಿಷನ್‌ಗೆ ಹೂ ಹಾಕಿ, ಬೀದಿಯವರನ್ನೆಲ್ಲ ಕರೆದು, ವಿಡಿಯೋ ಮಾಡಿ ವಾಟ್ಸಾಪ್‌ಗೆ ಬಿಟ್ರೆ ಮುಗೀತು. ಆಮೇಲೆ ಅದು ಹೊಸದಲ್ಲ."

ಜನ ನಕ್ಕರು. ಇಬ್ಬರು ಮುಖ ಮುಖ ನೋಡಿಕೊಂಡರು. ಪಾಪ, ಅವರು ಹಾಗೇ ಮಾಡಿದ್ದಿರಬೇಕು.

"ಈಗ ಸಂಶೋಧಕ ಅಂದ್ರೆ ಯಾರು? ದುಡ್ಡು ಹಾಕಿದವರಲ್ಲ. ಹೇಳಿದ ಹಾಗೆ ಲೇತ್ ಓಡಿಸಿದವರೂ ಅಲ್ಲ. ಫ್ಯಾಕ್ಟರಿ ಯಜಮಾನರೂ ಅಲ್ಲ. ಈ ಮಿಷನ್ ನೋಡಿ. ತಟ್ಟೆ ತಿರುಗ್ತಾ ಇಳಿಯುತ್ತೆ, ಅದೇ ಇದರ ಜೀವ. ಆ ತಿರುವು ಮೊದಲು ಯಾರ ತಲೆಗೆ ಹೊಳೀತೋ ಅವರೇ ಸಂಶೋಧಕರು." ಅವಳು ಸಿದ್ದಲಿಂಗೇಶನ ಕಡೆ ತಿರುಗಿದಳು. "ಸಾರ್, ನಿಮ್ಮ ತಂದೆಯವರಿಗೆ ಇದು ಹೆಂಗೆ ಹೊಳೀತು? ಹೇಳಿ, ಎಲ್ಲರಿಗೂ ಸ್ಫೂರ್ತಿ ಆಗುತ್ತೆ."

ಮೈಕು ಅವನ ಕೈಗೆ ಬಂತು. ಸಿದ್ದಲಿಂಗೇಶ್ ಬಾಯಿ ತೆರೆದ.

"ಅಪ್ಪ... ಅಡುಗೆಮನೆಯಲ್ಲಿ ಅಮ್ಮ ರೊಟ್ಟಿ ಬಡಿಯೋದನ್ನ ನೋಡ್ತಾ ಕೂತಿರ್ತಿದ್ರು..."

ರೇವಣಸಿದ್ದಯ್ಯನವರು ಆಯುಷ್ಯದಲ್ಲಿ ಒಂದು ದಿನ ಅಡುಗೆಮನೆಯೊಳಗೆ ಕೂತವರಲ್ಲ. ತಟ್ಟೆ ಮುಂದೆ ಬಂದಾಗ ಕೂತು, ಕೈ ತೊಳೆದು ಎದ್ದು ಹೋಗುವವರು. ಸುಳ್ಳಿಗೆ ಒಮ್ಮೆ ಕಾಲು ಬಂದರೆ ಅದು ನಿಲ್ಲುತ್ತದೆಯೇ? ಅವನು ಡೈರಿಯ ಕಥೆ ಹೇಳಿದ, ಚಿತ್ರದ ಕಥೆ ಹೇಳಿದ. ಕೊನೆಯ ವಾಕ್ಯಕ್ಕೆ ಬರುವಾಗ ಹಾಲಿನ ಹಿಂಬಾಗಿಲಲ್ಲಿ ರೊಟ್ಟಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದ ಅಕ್ಕ ಕಣ್ಣಿಗೆ ಬಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಬುಟ್ಟಿ ಕೆಳಗಿಟ್ಟು ತಾನೂ ತಟ್ಟಿದಳು.

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ಅವನಿಗೆ ಐವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು. ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು. ಪೇಟ ಸಡಿಲವಾಗಿ ಕಣ್ಣಿನವರೆಗೆ ಜಾರಿತು. ಅವನು ಅದನ್ನು ಮೇಲಕ್ಕೆ ಸರಿಸಿಕೊಳ್ಳಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿಕೊಂಡು ರೊಟ್ಟಿ ಹೊಗಳುತ್ತಿದ್ದರು. ಸಿದ್ದಲಿಂಗೇಶ್ ಸಾಲಿಗೆ ನಿಲ್ಲಲಿಲ್ಲ. ಶಾಲು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹಿಂದಿನ ಅಂಗಳಕ್ಕೆ ಹೋದ. ಅಕ್ಕ ಅಲ್ಲಿ ಖಾಲಿ ಪಾತ್ರೆ ಜೋಡಿಸುತ್ತಿದ್ದಳು. ಅವನು ಶಾಲನ್ನು ಅವಳ ಹೆಗಲಿಗೆ ಹಾಕಲು ಹೋದ.

"ಥೂ, ಎಣ್ಣೆ ಆಗುತ್ತೆ. ತೆಗಿಯೋ ಆ ಕಡೆ."

"ಅಕ್ಕ, ಅವತ್ತು ಆ ಕಾಗದ... ನೀನು ಓದಿರ್ಲಿಲ್ಲ. ಅದರಲ್ಲಿ ಏನಿತ್ತು ಅಂದ್ರೆ..."

"ಓದಿದ್ದೆ."

ಸಿದ್ದಲಿಂಗೇಶನ ಕೈಯಲ್ಲಿದ್ದ ಶಾಲು ನೆಲಕ್ಕೆ ಇಳಿಬಿತ್ತು. "ಓದಿ ಸೈನ್ ಹಾಕಿದ್ಯಾ?"

"ಎರಡು ಸಲ ಓದ್ದೆ. ನಿನ್ನ ಹೆಸರಿದ್ದಿದ್ರೆ ಕಾಗದ ಹರಿದು ಮುಖಕ್ಕೆ ಎಸೀತಿದ್ದೆ. ಅಪ್ಪನ ಹೆಸರಿತ್ತು. ಸತ್ತೋರ ಹತ್ರ ಹೆಂಗೆ ಜಗಳ ಆಡ್ಲಿ?" ಅವಳು ಪಾತ್ರೆಯ ಮುಚ್ಚಳ ಒತ್ತಿದಳು. "ನೀನು ನನ್ನ ಮುಖ ನೋಡದೆ ಪೆನ್ನು ಕೊಟ್ಟೆ. ಲೇತ್ ವಿಷಯ ಅಪ್ಪನ ಕಿವಿಗೆ ಊದಿ ಬಂದ ದಿನಾನೂ ಹಂಗೇ ಗೋಡೆ ನೋಡ್ತಾ ನಿಂತಿದ್ದೆ. ಆಗ್ಲೇ ಗೊತ್ತಾಯ್ತು, ಮಾಡ್ತಿರೋದು ತಪ್ಪು ಅಂತ ನಿನಗೂ ಗೊತ್ತಿದೆ ಅಂತ."

ಆ ದಿನ ಅವನಿಗೆ ಮರೆತಿರಲಿಲ್ಲ. ಅಪ್ಪನಿಗೆ ಊಟದ ಕ್ಯಾರಿಯರ್ ಒಯ್ಯುತ್ತಿದ್ದ ಹದಿನಾಲ್ಕರ ಅಕ್ಕ, ಅಪ್ಪ ಹೊರಗೆ ಹೋದಾಗ ಲೇತ್ ಓಡಿಸಿ ಒಂದು ಬುಗುರಿ ಮಾಡಿದ್ದಳು. ಆ ಬುಗುರಿ ತನಗೆ ಕೊಡಲಿಲ್ಲವೆಂಬ ಸಿಟ್ಟಿಗೆ ಒಂಬತ್ತರ ಸಿದ್ದು ಚಾಡಿ ಹೇಳಿದ. ಹೆಣ್ಣಿಗೆ ಲೇತ್ ಯಾಕೆ ಎಂದು ಅಪ್ಪ ಬೆನ್ನಿಗೆ ಎರಡು ಬಿಟ್ಟು, ಇನ್ನು ವರ್ಕ್‌ಶಾಪ್ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆ ಎಂದರು. ಅಪ್ಪ ಇರುವವರೆಗೂ ಅವಳು ತುಳಿಯಲಿಲ್ಲ. ಮಗಳನ್ನು ಯಾವ ಬಾಗಿಲಿನಿಂದ ಆಚೆ ಅಟ್ಟಿದರೋ, ಆ ಬಾಗಿಲೊಳಗೆ ಅವಳು ಮಾಡಿದ್ದಕ್ಕೆ ಅವರದೇ ಹೆಸರು. ಬರೆಸಿದವನು ಇದೇ ತಮ್ಮ.

ಅವನು ಹಾಲಿಗೆ ವಾಪಸ್ ಬಂದ. ಚಕ್ರಪಾಣಿ ಮಧ್ಯಾಹ್ನದ ಪ್ರಶ್ನೋತ್ತರ ಶುರು ಮಾಡುತ್ತಿದ್ದರು. ಸಿದ್ದಲಿಂಗೇಶ್ ಅವರ ಕೈಯಿಂದ ಮೈಕು ತೆಗೆದುಕೊಂಡ.

"ಬೆಳಿಗ್ಗೆ ನಾನು ಹೇಳಿದ್ದೆಲ್ಲ ಸುಳ್ಳು. ಡೈರಿನೂ ಇಲ್ಲ, ಚಿತ್ರಾನೂ ಇಲ್ಲ. ಈ ತಿರುವು ನಮ್ಮಕ್ಕ ಕಲ್ಯಾಣಮ್ಮಂದು. ಆ ಕಾಲಂನಲ್ಲಿ ಅವಳ ಹೆಸರಿರಬೇಕಿತ್ತು. ನಾಚಿಕೆ ಆಗುತ್ತೆ ಹೇಳೋಕೆ. ಅವತ್ತು ಬರೆಯೋಕೂ ನಾಚಿಕೆ ಆಗಿತ್ತು, ಅದು ಬೇರೆ ನಾಚಿಕೆ."

ಚಕ್ರಪಾಣಿ ಸರ್ಟಿಫಿಕೇಟನ್ನೂ ಅವನನ್ನೂ ನೋಡಿ, ಯಾವುದನ್ನು ಮೊದಲು ಕೆಳಗಿಳಿಸಬೇಕೆಂದು ತಿಳಿಯದೆ ನಿಂತರು. ಅಪೂರ್ವ ಮೆಲ್ಲಗೆ ಹೇಳಿದಳು: "ಸಾರ್, ಸುಳ್ಳು ಹೆಸರಿನ ಮೇಲೆ ತಗೊಂಡ ಪೇಟೆಂಟ್ ರದ್ದಾಗಬಹುದು. ಸರಿ ಮಾಡೋಕೆ ಆಗುತ್ತಾ ಅಂತ ಕಾಗದ ನೋಡಿ ಹೇಳ್ಬೇಕು. ಮಾತು ಕೊಡಲ್ಲ."

"ಹೋದ್ರೆ ಹೋಗ್ಲಿ ಮೇಡಂ," ಎಂದ.

ಯಾರೋ ಕಲ್ಯಾಣಮ್ಮನನ್ನು ಕರೆತಂದರು. ಅವಳು ಮೈಕು ಮುಟ್ಟಲಿಲ್ಲ. ನೇರ ಯಂತ್ರದ ಹತ್ತಿರ ಹೋಗಿ, ಸೇವಂತಿಗೆ ಹಾರ ಪಕ್ಕಕ್ಕೆ ಸರಿಸಿ, ದಂಡ ಒಂದು ಸಲ ಇಳಿಸಿ ನೋಡಿದಳು. ಮುಂದಿನ ಸಾಲಿನ ಪಂಪಿನವನೊಬ್ಬ ಕೇಳಿದ: "ಅಮ್ಮಾ, ಈಗ ಊಟದಲ್ಲಿ ಒಂದೆರಡು ರೊಟ್ಟಿ ಅಂಚು ಬಿರಿದಿತ್ತಲ್ಲ?"

"ಹತ್ತಕ್ಕೊಂದು ಬಿರಿಯುತ್ತಪ್ಪ. ಅದಕ್ಕೂ ದಾರಿ ಇದೆ. ಮೂರು ವರ್ಷ ಆಯ್ತು ಹೊಳೆದು."

ಸಿದ್ದಲಿಂಗೇಶ್ ಬೆಚ್ಚಿದ. ಆ ಹತ್ತನೇ ರೊಟ್ಟಿಗಾಗಿ ಅವನು ಮೂರು ವರ್ಷ ನಿದ್ದೆಗೆಟ್ಟಿದ್ದ. ವಾರಕ್ಕೊಮ್ಮೆ ಅವಳ ಅಂಗಡಿಯಲ್ಲಿ ಕೂತು, ಅವಳೆದುರೇ ತಲೆ ಚಚ್ಚಿಕೊಂಡಿದ್ದ.

"ಮತ್ತೆ ಯಾಕಕ್ಕ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಅಪ್ಪನಿಗಾ?"

ಹಾಲ್ ಗೊಳ್ಳೆಂದಿತು. ಅವಳು ನಗಲಿಲ್ಲ, ಅವನೂ ನಗಲಿಲ್ಲ.

"ಈಗ ಹೇಳಕ್ಕ."

"ಇಷ್ಟು ಜನರ ಮುಂದೆನಾ? ಅರ್ಜಿ ಹಾಕೋ ಮುಂಚೆ ಬಾಯಿ ಬಿಡಬೇಡಿ ಅಂತ ಬೆಳಿಗ್ಗೆ ಈ ಮಗು ಹೇಳ್ತಲ್ಲ, ಬಾಗಿಲಲ್ಲಿ ನಿಂತು ಕೇಳಿಸ್ಕೊಂಡೆ." ಕಲ್ಯಾಣಮ್ಮ ಅಪೂರ್ವಳ ಕಡೆ ತಿರುಗಿದಳು. "ನಿಮ್ಮ ಆಫೀಸ್ ಎಲ್ಲಿ ತಾಯಿ? ಸೋಮವಾರ ಬರ್ತೀನಿ."

"ನಾನೂ ಬರ್ಲಾ ಅಕ್ಕ?" ಎಂದ ಸಿದ್ದಲಿಂಗೇಶ್. ಮೈಕು ಇನ್ನೂ ಅವನ ಕೈಯಲ್ಲೇ ಇತ್ತು, ಮಾತು ಹಾಲಿಗೆಲ್ಲ ಕೇಳಿತು.

ಅವಳು ಅವನ ಮುಖ ನೋಡಿದಳು. ಈ ಸಲ ಅವನು ಗೋಡೆ ನೋಡಲಿಲ್ಲ, ನೋಡಬೇಕೆನ್ನಿಸಿದರೂ ನೋಡಲಿಲ್ಲ.

"ಬೇಡ ಕಣೋ," ಎಂದಳು. "ಅರ್ಜಿ ಹಾಕಿದ ಮೇಲೆ ನಿನಗೂ ಹೇಳ್ತೀನಿ."