ಕುಂಕುಮದ ಮೇಲೆ ಸೀಲಂಟ್

೧
ಒಂದಾನೊಂದು ಕಾಲದಲ್ಲಿ ಒಂದು ಗಾಜು ಇತ್ತು, ಒಂದು ಅಲ್ಯೂಮಿನಿಯಂ ಚೌಕಟ್ಟು ಇತ್ತು. ಅವೆರಡಕ್ಕೂ ಮದುವೆಯಾಯಿತು.

(ನಮ್ಮಜ್ಜಿಯಾದರೆ ಹೀಗೇ ಶುರು ಮಾಡುತ್ತಿದ್ದರು. ಅವರ ಕಥೆಗಳಲ್ಲಿ ಒನಕೆಗೂ ಒರಳಿಗೂ ಸಂಬಂಧ ಕುದುರುತ್ತಿತ್ತು. ಆದರೆ ಇದು ಕೊಲ್ಲಿ ನಾಡಿನ ಅಲ್ ಕುಸೈಸ್. ಇಲ್ಲಿ ಒಂದಾನೊಂದು ಕಾಲ ಎಂದರೆ ಕಳೆದ ತಿಂಗಳು. ಅಳಿಸಿದೆ.)

೧, ಪುನಃ
ಸಮೀಕ್ಷಾಗೆ ಮಾವನ ಮೇಲೆ ಸಂಶಯ ಹುಟ್ಟಿದ್ದು ಒಂದು ಫೋಟೋದಿಂದ.

ಇದು ಪರವಾಗಿಲ್ಲ. ಓದುಗರೇ, ಒಂದು ಮಾತು ಕೊಡುತ್ತೇನೆ: ಈ ಕಥೆಯಲ್ಲಿ ಒಂದು ಚೌಕಟ್ಟಿನ ಸೀಲಂಟನ್ನು, ಎಂದರೆ ಗಾಜನ್ನು ಹಿಡಿದಿಡುವ ಕಪ್ಪು ಅಂಟನ್ನು, ಕೊಯ್ದು, ಎಳೆದು ತೋರಿಸುತ್ತೇನೆ. ಅದಕ್ಕಿಂತ ಹೆಚ್ಚಿನದನ್ನು ನನ್ನಿಂದ ನಿರೀಕ್ಷಿಸಬೇಡಿ.

೨
ಸಮೀಕ್ಷಾ ಕಟ್ಟಡಗಳ ಗಾಜಿನ ಗೋಡೆ ತಯಾರಿಸುವ ವರ್ಕ್‌ಶಾಪಿನಲ್ಲಿ ಕ್ವಾಲಿಟಿ ನೋಡುವವಳು. ಫೋರ್‌ಮನ್ ಶೀನಪ್ಪ ಅವಳ ತಾಯಿಯ ತಮ್ಮ. ಅವಳನ್ನು ಉಡುಪಿಯಿಂದ ಕರೆಸಿ ಈ ಕೆಲಸಕ್ಕೆ ಹಚ್ಚಿದವರು. ಫೋಟೋ ಆಯುಧಪೂಜೆಯದು. ಅವತ್ತು ಅವಳು ಅಬುಧಾಬಿಯ ಸೈಟಿನಲ್ಲಿದ್ದಳು, ವಾಟ್ಸಪ್ಪಿಗೆ ಬಂತು. ಡ್ರಿಲ್ಲು, ಗರಗಸ, ಸೀಲಂಟ್ ಗನ್ನು, ಎಲ್ಲದರ ಹಣೆಗೂ ಬೊಟ್ಟು. ಹಿಂದೆ ಗೋಡೆಗೊರಗಿಸಿದ ಚೌಕಟ್ಟಿನ ಮೇಲೂ ಒಂದು ಕೆಂಪು. ಅದೂ ಗಾಜು ಅಂಟಬೇಕಾದ ಅಂಚಿನಲ್ಲೇ. ಅದರ ಬೆನ್ನಿಗೆ ಪೇರಿಸಿದ್ದ ಉಳಿದ ಚೌಕಟ್ಟುಗಳು ಫೋಟೋದಲ್ಲಿ ಕಾಣುವುದಿಲ್ಲ.

ಒಣ ಕುಂಕುಮ ಲೋಹದ ಮೇಲೆ ನಿಲ್ಲುವುದಿಲ್ಲವೆಂದು ಶೀನಪ್ಪ ಅದನ್ನು ತೆಂಗಿನೆಣ್ಣೆಯಲ್ಲಿ ಕಲಸುತ್ತಾರೆ. (ಅಂಟುವುದರ ಬಗ್ಗೆ ಅವರಿಗೂ ಒಂದು ಸಿದ್ಧಾಂತವಿದೆ, ಗಮನಿಸಿ.)

ಈಗ ಆ ಚೌಕಟ್ಟುಗಳಿಗೆಲ್ಲ ಗಾಜು ಕೂತಾಗಿದೆ. ಹೋಗಬೇಕಾದದ್ದು ಅಬುಧಾಬಿಯ ಖಲೀಫಾ ಸಿಟಿಯ ಒಂದು ಶಾಲೆಗೆ. ಮಕ್ಕಳು ಬಸ್ಸಿಗೆ ಕಾಯುವ ಜಾಗದ ನೆತ್ತಿಯ ಮೇಲೆ.

೩
(ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ. ಬೇಡದವರು ಚಹಾ ಕುಡಿದು ಬನ್ನಿ.)

ಗಾಜೆಂದರೆ ಸಿಲಿಕಾನ್, ಆಮ್ಲಜನಕ ಹೆಣೆದುಕೊಂಡ ಜಾಲ. ಸೀಲಂಟಿನ ಬೆನ್ನೆಲುಬೂ ಅವೆರಡರದೇ ಸರಪಳಿ. ಒಂದೇ ಬಳಿಯವು, ಒಂದೇ ಕುಲದವು. (ಒಂದೇ ಬಳಿಯೊಳಗೆ ಮದುವೆ ಮಾಡುತ್ತಾರೆಯೇ? ಅಜ್ಜಿ ಒಪ್ಪುತ್ತಿರಲಿಲ್ಲ. ಮದುವೆಯ ಉಪಮೆ ರದ್ದು.) ಅಲ್ಯೂಮಿನಿಯಮ್ಮೋ, ಗಾಳಿ ತಾಗಿದ ಕ್ಷಣವೇ ಆಮ್ಲಜನಕವನ್ನು ಸೇರಿಸಿಕೊಂಡು ತೆಳುವಾದ ಪೊರೆ ಹೊದ್ದುಕೊಳ್ಳುತ್ತದೆ. ಸೀಲಂಟಿನ ಅಣುಗಳು ಕೈ ಹಿಡಿಯುವುದು ಆ ಪೊರೆಯನ್ನು. ನಡುವೆ ಎಣ್ಣೆ ಬಂದರೆ, ಎಣ್ಣೆಗೆ ಕೊಡಲು ಕೈಯೇ ಇಲ್ಲ. ಹೊರಗಿನಿಂದ ಅಂಟಿದ ಹಾಗೇ ಕಾಣುತ್ತದೆ, ಅಷ್ಟೆ.

ತಿಳಿಯುವ ದಾರಿ ಒಂದೇ. ಸೀಲಂಟಿನ ತುದಿ ಕೊಯ್ದು ಎಳೆಯಬೇಕು. ಅದು ತನ್ನೊಳಗೇ ಹರಿದು ಲೋಹದ ಮೇಲೆ ಕಪ್ಪು ಉಳಿಸಿದರೆ ಪಾಸ್. ಬಾಳೆಹಣ್ಣಿನ ಸಿಪ್ಪೆಯಂತೆ ನುಣ್ಣಗೆ ಎದ್ದು ಬಂದರೆ ಫೇಲ್. ಬಂಧ ಗಟ್ಟಿಯಿತ್ತೆಂದು ಗೊತ್ತಾಗುವ ಹೊತ್ತಿಗೆ ಬಂಧ ಇರುವುದಿಲ್ಲ.

ಅವಳು ಪರೀಕ್ಷೆಗೆಂದೇ ಬೇರೆಯಾಗಿ ಅಂಟಿಸಿದ್ದ ಲೋಹದ ತುಂಡುಗಳೆಲ್ಲ ಪಾಸಾಗಿದ್ದವು. ಆದರೆ ಅಂಟಿಸುವ ಮೊದಲು ಜಿಡ್ಡು ತೆಗೆಯುವ ಸಾಲ್ವೆಂಟ್ ಹಾಕಿ ಆ ತುಂಡುಗಳನ್ನು ಒರೆಸಿದ್ದು ಅವಳೇ. ಚೌಕಟ್ಟುಗಳನ್ನು ಒರೆಸಿದ್ದು ಶೀನಪ್ಪ.

೪
"ಮಾವ, ಬೊಟ್ಟು ಎಷ್ಟು ಚೌಕಟ್ಟಿಗೆ ಇಟ್ಟದ್ದು?"

"ಒಂದಕ್ಕೆ ಮಾರಾಯ್ತಿ. ಶಾಸ್ತ್ರಕ್ಕೆ. ಅದನ್ನೂ ಸಾಲ್ವೆಂಟ್ ಹಾಕಿ ಒರೆಸಿದ್ದೇನೆ."

"ಯಾವ ಒಂದಕ್ಕೆ?"

"ಅದು ಹೇಗೆ ನೆನಪಿರುದು? ಎಲ್ಲ ಒಂದೇ ಹಾಗೆ ಉಂಟಲ್ಲ."

"ಹಾಗಾದ್ರೆ ಒಂದನ್ನು ಕೊಯ್ದು ನೋಡ್ತೇನೆ."

"ಕೊಯ್ದ ಮೇಲೆ ಪುನಃ ಅಂಟಿಸುದು ಯಾರು, ನಿನ್ನಮ್ಮನಾ? ಲಾರಿ ಹೊರಗೆ ನಿಂತಿದೆ. ನಿನಗೆ ವೀಸಾ ಮಾಡಿಸಿದ್ದು ನನ್ನ ಮೇಲೆ ಸಂಶಯಪಡ್ಲಿಕ್ಕಾ?"

(ಇಲ್ಲಿ ಸಮೀಕ್ಷಾ ಅಳಬೇಕೆಂದು ಬರೆದಿದ್ದೆ. ಅವಳು ನನ್ನತ್ತ ತಿರುಗಿ, "ಅಳುದೆಲ್ಲ ನೀವೇ ಇಟ್ಕೊಳ್ಳಿ ಅಕ್ಕ, ನನಗೆ ಕೆಲಸ ಉಂಟು" ಎಂದಳು.)

೫
ಹಾಗಾದರೆ ಕೊನೆಗಳು.

(ಕ) ಸೀಲಂಟ್ ನುಣ್ಣಗೆ ಎದ್ದು ಬರುತ್ತದೆ, ಅಡಿಯಲ್ಲಿ ಕೆಂಪು. ಶೀನಪ್ಪ ಕಣ್ಣೀರಿಡುತ್ತಾರೆ. ಬಹುಮಾನ ಸಿಗುವಂಥ ಕೊನೆ.

(ಖ) ಅವಳು ಕೊಯ್ಯುವುದೇ ಇಲ್ಲ. ಲಾರಿ ಹೋಗುತ್ತದೆ. ಬಸ್ಸಿಗೆ ಕಾಯುವ ಮಕ್ಕಳು ತಲೆಯೆತ್ತಿ ಗಾಜಿನಲ್ಲಿ ಮೋಡ ನೋಡುತ್ತಾರೆ. ಸುಂದರ. ನನಗೆ ನಿದ್ದೆ ಬರುವುದಿಲ್ಲ.

"ನೀವು ಹೇಗೆ ಬರೆದ್ರೂ ಮಾವ ಕಳ್ಳನೇ ಆಗ್ತಾರೆ," ಎಂದಳು ಸಮೀಕ್ಷಾ. "ಅವರು ಕಳ್ಳ ಅಲ್ಲ. ಭಕ್ತಿ ಜಾಸ್ತಿ, ಅಷ್ಟೇ. ಅದಕ್ಕೇ ನನಗೆ ಹೆದರಿಕೆ."

೬
ಮಟಮಟ ಮಧ್ಯಾಹ್ನ. ಅವಳು ಸಾಲಿನ ನಡುವಿನಿಂದ ಒಂದು ಚೌಕಟ್ಟನ್ನು ಆರಿಸಿ, ಮಲಗಿಸಿ, ಅಂಚಿಗೆ ಬ್ಲೇಡು ಹಾಕಿದಳು. ಶೀನಪ್ಪ ತಡೆಯಲಿಲ್ಲ. ಬೈಯಲೂ ಇಲ್ಲ. (ಇದೇ ನನಗೆ ಸರಿಕಾಣಲಿಲ್ಲ. ಬೈಯಬೇಕಿತ್ತು.)

ತುದಿ ಬಿಡಿಸಿ, ಬೆರಳಿಗೆ ಸುತ್ತಿ, ಹಿಂದಕ್ಕೆ ಎಳೆದಳು. ಸೀಲಂಟ್ ಹಿಗ್ಗಿತು, ಬಿಳಿಚಿತು, ಪಟ್ಟೆಂದು ತನ್ನೊಳಗೇ ಹರಿಯಿತು. ಲೋಹದ ಮೇಲೆ ಉದ್ದಕ್ಕೂ ಒರಟು ಕಪ್ಪು.

ಪಾಸ್.

ಶೀನಪ್ಪ ಅಲ್ಲೇ ಇದ್ದ ಡಬ್ಬದ ಮೇಲೆ ಕುಸಿದರು. ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. "ಅಬ್ಬ! ದೇವರು ದೊಡ್ಡವ. ಖಲಾಸ್. ಯಲ್ಲಾ, ಇನ್ನು ಲೋಡ್ ಮಾಡುವ."

"ಒರೆಸಿದ್ದೇನೆ ಅಂದ್ರಲ್ಲ ಮಾವ," ಸಮೀಕ್ಷಾ ಮೆಲ್ಲಗೆ ಕೇಳಿದಳು. "ಒರೆಸಿದ್ದರೆ ದೇವರು ಎಂತಕ್ಕೆ?"

ಅವರು ಲಾರಿಯ ಕಡೆ ನೋಡಿದರು.

ನಾನು ಮಾತು ಕೊಟ್ಟದ್ದು ಒಂದು ಚೌಕಟ್ಟಿಗೆ. ಕೊಯ್ದದ್ದಾಯಿತು, ಎಳೆದದ್ದಾಯಿತು. ನನ್ನ ಕೆಲಸ ಮುಗಿಯಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ಸಮೀಕ್ಷಾ ಬ್ಲೇಡು ಬದಲಿಸಿಕೊಂಡು ಪಕ್ಕದ ಚೌಕಟ್ಟಿನ ಮುಂದೆ ಕೂತಿದ್ದಾಳೆ.