ಬಾಲ ಬಿಟ್ಟ ಚುಕ್ಕೆ

ಅವನು ಬಂದೂಕಿಗೆ ಗುರಿ ಹಿಡಿಯುವ ಮೂರನೆಯ ಸೈಟನ್ನೂ ವಾಪಸ್ ತಂದು ಗಾಜಿನ ಕೌಂಟರಿನ ಮೇಲೆ ಕುಕ್ಕಿದಾಗ ಭಾವಮೈದ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

"ಭಾವ, ನೀವು ಬಂದೂಕಿಗೆ ಸೈಟು ನೋಡ್ತಿದೀರೋ, ಇಲ್ಲಾ ನನ್ನ ತಾಳ್ಮೆ ಎಷ್ಟಿದೆ ಅಂತ ನೋಡ್ತಿದೀರೋ?"

"ಹುಳುಕು ಮಾಲು ಮಾರೋನು ನೀನು, ಹುಳುಕು ಎತ್ತಿ ತೋರಿಸಿದ್ದಕ್ಕೆ ತಪ್ಪಿತಸ್ಥ ನಾನು. ಚೆನ್ನಾಗಿದೆ ಕಣೋ ನಿನ್ನ ನ್ಯಾಯ!"

ಭಾವಮೈದನದು ಬಂದೂಕು ರಿಪೇರಿ ಮಾಡುವ, ಅದಕ್ಕೆ ಬೇಕಾದ ಸಾಮಾನು ಮಾರುವ ಅಂಗಡಿ. ಮುಂದೆ ಕಿರಿದಾದ ಕೋಣೆ, ಎಣ್ಣೆಯ ವಾಸನೆ, ಗೋಡೆಗೆ ಕಬ್ಬಿಣದ ಬೀರು. ಹಿಂದೆ ಉದ್ದನೆಯ ಹಿತ್ತಲು. ಅಲ್ಲಿಗೆ ಹೀಗೆ ಸಿಟ್ಟು ಮಾಡಿಕೊಂಡು ಬಂದವನನ್ನು ಸುತ್ತಮುತ್ತಲಿನವರೆಲ್ಲ 'ಒಂದೇಟು' ಎಂದೇ ಕರೆಯುತ್ತಿದ್ದರು. ಹೆಂಡತಿ ಮಾತ್ರ ಹಾಗೆ ಕರೆಯುತ್ತಿರಲಿಲ್ಲ. ಬೆಳೆ ತಿನ್ನಲು ಬರುವ ಕಾಡುಹಂದಿಗಳನ್ನು ಹೊಡೆಯಲು ಬೆಳೆಗಾರರ ಸಂಘದವರು ಪರವಾನಗಿ ಕೊಡಿಸಿ ಇಟ್ಟುಕೊಂಡಿದ್ದ ಗುರಿಗಾರ ಅವನು. ಒಂದು ಹಂದಿಗೆ ಒಂದೇ ಗುಂಡು, ಎರಡನೆಯದು ವ್ಯರ್ಥ, ಮೂರನೆಯದು ಅವಮಾನ ಎಂದು ಕುಡಿದಾಗಲೂ ಹೇಳುತ್ತಿದ್ದ, ಕುಡಿಯದಿದ್ದಾಗಲೂ ಹೇಳುತ್ತಿದ್ದ. ಜಂಬವೇನು ಕಮ್ಮಿಯದಲ್ಲ. ಆದರೆ ಆ ಜಂಬಕ್ಕೆ ತಕ್ಕ ಕೈಯೂ ಇತ್ತು, ಸುಳ್ಳು ಹೇಳಬಾರದು.

ಅವನು ಬೇಟೆಯಾಡುವ ರೀತಿಯೇ ಬೇರೆ. ಉಳಿದವರು ಡಬ್ಬ ಬಡಿದು, ಕೂಗಿ, ಪಟಾಕಿ ಹಚ್ಚಿ ಹಂದಿ ಎಬ್ಬಿಸುತ್ತಾರೆ. ಹಾಗೆ ಬೆದರಿದ ಹಂದಿ ಗಾಳಿಯಂತೆ ಓಡುತ್ತದೆ, ಓಡುವ ಹಂದಿಗೆ ಒಂದೇಟು ಸಾಲದು ಎನ್ನುವುದು ಅವನ ವಾದ. ಹಾಗಾಗಿ ಅವನ ಕಡೆಯವರು ಸದ್ದೇ ಮಾಡುವಂತಿಲ್ಲ. ಹೊಲದ ಆ ತುದಿಯಿಂದ ನಾಯಿ ಹಿಡಿದುಕೊಂಡು ಒಬ್ಬರು ಮೆಲ್ಲಗೆ ನಡೆದು ಬರಬೇಕು. ವಾಸನೆ ಹಿಡಿದ ಹಂದಿ ಅವಸರವಿಲ್ಲದೆ ಈ ತುದಿಗೆ ಬರುತ್ತದೆ. ಈ ತುದಿಯಲ್ಲಿ ಒಂದೇಟು ಕೂತಿರುತ್ತಾನೆ. ಆಳೆತ್ತರದ ಬೆಳೆಯಲ್ಲಿ ನಡೆದು ಬರುವವರು ಎಲ್ಲಿದ್ದಾರೆಂದು ಅವನಿಗೆ ಕಾಣುವುದಿಲ್ಲ. ಬೆಳೆಯ ತುದಿ ಅಲುಗುವುದನ್ನು ನೋಡಿಯೇ ತಿಳಿಯಬೇಕು. ಹೀಗೆ ಬಂದೂಕಿನ ಎದುರಿಗೆ ನಡೆದು ಬರಲು ಕೂಲಿಯವರು ಯಾರೂ ಒಪ್ಪುತ್ತಿರಲಿಲ್ಲ. ಒಪ್ಪಿದ್ದು ಅವನ ಒಬ್ಬಳೇ ಮಗಳು. ವಾರವೆಲ್ಲ ಔಷಧಿ ಅಂಗಡಿಯಲ್ಲಿ ಕೆಲಸ, ರಜೆ ಬಂದರೆ ಅಪ್ಪನ ಎದುರಿಗೆ ನಾಯಿಯ ಜೊತೆ ನಡಿಗೆ.

ಹೋದ ಸುಗ್ಗಿಗೆ ಮುಂಚೆ ಒಂದು ಸಂಜೆ ಅವನ ಗುರಿ ತಪ್ಪಿತು. ಹಂದಿಯ ಬೆನ್ನು ಕಂಡಿತು, ಹೊಡೆದ, ಗುಂಡು ಹೋಗಿ ಎಲ್ಲೋ ಪಕ್ಕದ ಗಡಿಕಲ್ಲಿಗೆ ಬಡಿದು ಠಣ್ಣೆಂದಿತು. ಹಂದಿ ಪರಾರಿ. ಮಗಳು ಸ್ವಲ್ಪ ಹೊತ್ತಿನ ಮೇಲೆ ಬೆಳೆಯೊಳಗಿಂದ ಬಂದು, "ನಾನು ದಿಬ್ಬದ ಹಿಂದಿದ್ದೆ ಅಪ್ಪ, ದೂರ," ಎಂದಳು. ಅವನ ಎದೆ ಧಸಕ್ಕೆಂದದ್ದು ಆಗ ಸ್ವಲ್ಪ ತಗ್ಗಿತು. ಮಾರನೆಯ ದಿನವೇ ರೈಫಲ್ಲನ್ನು ಭಾವಮೈದನ ಹತ್ತಿರ ತಂದ. ನಳಿಗೆಯ ತುದಿಯಲ್ಲಿರುವ ಗುರಿಕಡ್ಡಿ ಸಡಿಲವಾಗಿದೆ, ಅದೇ ಕೈಕೊಟ್ಟದ್ದು ಎಂದ. ಭಾವಮೈದ ತಿರುಪು ಬಿಗಿದುಕೊಟ್ಟ. ಆದರೂ ಮನಸ್ಸು ಬಿಗಿಯಾಗಲಿಲ್ಲ. ಆ ಠಣ್ಣೆನ್ನುವ ಸದ್ದು ಊಟಕ್ಕೆ ಕೂತಾಗ, ಹಲ್ಲುಜ್ಜುವಾಗ, ಯಾರೋ ಲೋಟ ಕೆಳಗಿಟ್ಟಾಗ ಕಿವಿಗೆ ಬಂದು ಕೂರುತ್ತಿತ್ತು. ಹಳೆಯ ಕಡ್ಡಿಯ ಸಹವಾಸವೇ ಬೇಡ, ಕೆಂಪು ಚುಕ್ಕೆಯ ಸೈಟು ಹಾಕಿಸೋಣ ಎಂದು ತೀರ್ಮಾನಿಸಿದ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕೊಳವೆ ಅದು. ಒಳಗಿನ ಗಾಜಿನಲ್ಲಿ ಒಂದು ಕೆಂಪು ಚುಕ್ಕೆ ಹೊಳೆಯುತ್ತದೆ. ಚುಕ್ಕೆ ಎಲ್ಲಿ ಕೂತಿತೋ ಗುಂಡು ಅಲ್ಲಿಗೆ. ಕಡ್ಡಿ, ಬಂದೂಕಿನ ಹಿಂದಿನ ಕಿಂಡಿ, ಹಂದಿ ಮೂರನ್ನೂ ಒಂದೇ ಗೆರೆಗೆ ತರುವ ಸರ್ಕಸ್ಸಿಲ್ಲ.

ಆದರೆ ಒಳ್ಳೆಯ ಸೈಟಿನ ಬೆಲೆ ಕೇಳಿದರೆ ರೈಫಲ್ಲೇ ನಾಚಿಕೊಳ್ಳಬೇಕು. ಅಗ್ಗದ್ದು ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಒದೆತಕ್ಕೆ ಅಲುಗಾಡಿ ಚುಕ್ಕೆ ಜಾಗ ಬಿಡುತ್ತದೆ, ಇಬ್ಬನಿ ಬಿದ್ದರೆ ಒಳಗೆಲ್ಲ ಮಂಜು. ಕೈಗೆಟುಕಬೇಕು, ಬಾಳಿಕೆಯೂ ಬರಬೇಕು. ಭಾವಮೈದ ಅದಕ್ಕೆ ತನ್ನದೇ ಪರೀಕ್ಷೆ ಇಟ್ಟುಕೊಂಡಿದ್ದ. ಸೈಟನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಡುತ್ತಿದ್ದ, ಐಸ್ ಪೆಟ್ಟಿಗೆಯಲ್ಲಿಟ್ಟು ತೆಗೆಯುತ್ತಿದ್ದ, ರೈಫಲ್ಲಿಗೆ ಕೂರಿಸಿ ರಬ್ಬರ್ ಸುತ್ತಿಗೆಯಿಂದ ತಟ್ಟಿ ಚುಕ್ಕೆ ಕದಲಿತೋ ಇಲ್ಲವೋ ನೋಡುತ್ತಿದ್ದ. ಮೂರು ಸೈಟುಗಳೂ ಇಷ್ಟೆಲ್ಲ ದಾಟಿ ಬಂದವೇ. ಒಂದೇಟು ಒಂದೊಂದನ್ನೂ ಮನೆಗೆ ಒಯ್ದು, ಒಂದೊಂದನ್ನೂ ಅದೇ ದೂರಿನ ಸಮೇತ ವಾಪಸ್ ತಂದಿದ್ದ.

"ಚುಕ್ಕೆಗೆ ಬಾಲ ಇದೆ," ಎಂದ ಈಗಲೂ.

"ಮೊದಲನೇದಕ್ಕೂ ಬಾಲ, ಎರಡನೇದಕ್ಕೂ ಬಾಲ. ಇದು ಬೇರೆ ಕಂಪನೀದು ಭಾವ, ಇದಕ್ಕೂ ಬಾಲಾನಾ?"

"ಗುಂಡಗಿಲ್ಲ ಅಂದ್ಮೇಲೆ ಇಲ್ಲ. ಪಕ್ಕಕ್ಕೆ ಹರಡಿಕೊಂಡಿದೆ. ಅದರ ಯಾವ ತುದಿಯಲ್ಲಿ ಹೊಡೀಲಿ ನಾನು?"

ಸಂಘದ ಅಧ್ಯಕ್ಷರು ಬೆಳಿಗ್ಗೆಯೇ ಫೋನ್ ಮಾಡಿ, ಹಂದಿ ಮತ್ತೆ ಇಳಿದಿವೆ, ಈ ರಜೆಗೆ ಬರಲೇಬೇಕು ಎಂದಿದ್ದರು. ಮಗಳಿಗೂ ಹೇಳಿ ಆಗಿತ್ತು. ಅವಳು ಹೂಂ ಎಂದಿದ್ದಳು.

ಭಾವಮೈದ ಮಾತು ಬೆಳೆಸಲಿಲ್ಲ. ಗುಂಡು ಹಾರದಂತೆ ರೈಫಲ್ಲಿನ ಬೋಲ್ಟ್ ತೆಗೆದು ಪಕ್ಕಕ್ಕಿಟ್ಟು, ಹಿತ್ತಲ ಬಾಗಿಲಿನ ಎದುರಿಗಿದ್ದ ಮೇಜಿನ ಇಕ್ಕಳಕ್ಕೆ ಬಂದೂಕನ್ನು ಕಚ್ಚಿಸಿದ. ಸೈಟು ಕೂರಿಸಿದ. ಹಿತ್ತಲ ಕೊನೆಯ ಗೋಡೆಗೆ ಬಿಳಿ ಕಾಗದ ಅಂಟಿಸಿತ್ತು. ಅಷ್ಟರಲ್ಲಿ ಕೆಲಸ ಮುಗಿಸಿಕೊಂಡು ಮಗಳೂ ಬಂದಳು. ಅಪ್ಪನ ಮುಖ ನೋಡಿದಳು, ಸೋದರಮಾವನ ಮುಖ ನೋಡಿದಳು, ಏನಾಗಿದೆಯೆಂದು ಯಾರೂ ಹೇಳಬೇಕಾಗಲಿಲ್ಲ.

ಭಾವಮೈದ ಬಗ್ಗಿ ಸೈಟಿನೊಳಗೆ ನೋಡಿದ. "ನನಗೆ ಗುಂಡಗೇ ಕಾಣ್ತಿದೆ."

"ನೀನು ಮಾರಬೇಕಲ್ಲ, ಗುಂಡಗೇ ಕಾಣುತ್ತೆ."

"ಪುಟ್ಟಿ, ನೀನು ನೋಡಮ್ಮ."

ಮಗಳು ಬಗ್ಗಿ ತುಂಬ ಹೊತ್ತು ನೋಡಿದಳು. ಅಷ್ಟು ಹೊತ್ತು ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. "ಗುಂಡಗಿದೆ ಅಪ್ಪ."

"ನೋಡಿದ್ಯಾ? ನೀನೂ ಮಾವನ ಕಡೆ ಸೇರ್ಕೊಂಡೆ."

ಮಗಳು ಜೇಬಿನಿಂದ ಫೋನ್ ತೆಗೆದು, ಅದರ ಕ್ಯಾಮೆರಾವನ್ನು ಸೈಟಿನ ಹಿಂದೆ ಹಿಡಿದು ಒಂದು ಫೋಟೋ ಹೊಡೆದಳು. ಅಪ್ಪನ ಕೈಗೆ ಕೊಟ್ಟಳು. ಬಿಳಿ ಕಾಗದದ ನಡುವೆ ಚುಕ್ಕೆ ಇತ್ತು. ಅವನು ಎರಡು ಬೆರಳಿನಿಂದ ಚಿತ್ರವನ್ನು ಎಳೆದು ಎಳೆದು ದೊಡ್ಡದು ಮಾಡಿದ. ಎಷ್ಟು ಎಳೆದರೂ ಚುಕ್ಕೆ ಗುಂಡಗೇ ಇತ್ತು, ಬಾಲದ ಸುಳಿವೇ ಇಲ್ಲ.

"ಈಗಿನ ಫೋನುಗಳನ್ನ ನಂಬಬಾರದು," ಎಂದ. "ಮುಖದ ಮೇಲಿನ ಮೊಡವೆ ಅಳಿಸಿಹಾಕ್ತವೆ. ಬಾಲ ಅಳಿಸೋದು ಅವಕ್ಕೇನು ಮಹಾ?"

ಅಯ್ಯೋ, ಆ ಹಠವೇ! ಮತ್ತೆ ಬಗ್ಗಿದ. ಬಲಗಣ್ಣಿಗೆ ಚುಕ್ಕೆ ಬಾಲ ಬಿಟ್ಟುಕೊಂಡು ಕೂತಿತ್ತು. ಏನು ತೋಚಿತೋ, ಬಲಗಣ್ಣು ಮುಚ್ಚಿ ಎಡಗಣ್ಣು ಇಟ್ಟ. ಗುಂಡಗಿತ್ತು. ಬಲಗಣ್ಣು ತೆರೆದ, ಬಾಲ. ಎಡಗಣ್ಣು, ಗುಂಡಗೆ. ತಲೆಯನ್ನು ಅತ್ತ ಇತ್ತ ಮಾಡುತ್ತಲೇ ಇದ್ದ. ಭಾವಮೈದ ಕೊನೆಗೆ ಅವನ ಹೆಗಲ ಮೇಲೆ ಕೈಯಿಟ್ಟು ಒಂದು ಸ್ಟೂಲ್ ಎಳೆದುಕೊಟ್ಟ.

ಎರಡೂ ಕಣ್ಣು ತೆರೆದುಕೊಂಡು ತಿರುಗುವವನಿಗೆ ಇದು ಗೊತ್ತಾಗುವುದಾದರೂ ಹೇಗೆ? ಎಡಗಣ್ಣು ಬಲಗಣ್ಣಿನ ಕೊರತೆಯನ್ನು ಮುಚ್ಚಿಹಾಕಿಕೊಂಡು ಬಂದಿತ್ತು. ಬಂದೂಕು ಎತ್ತಿದಾಗ ಮಾತ್ರ ಅವನು ಎಡಗಣ್ಣು ಮುಚ್ಚುತ್ತಿದ್ದ. ಬಲಗಣ್ಣೊಂದನ್ನೇ ನಂಬುತ್ತಿದ್ದದ್ದು ಬಂದೂಕು ಹಿಡಿದಾಗ ಮಾತ್ರ.

"ಹಾಗಾದ್ರೆ ಆವತ್ತು..." ಎಂದವನು ಭಾವಮೈದನ ಕಡೆ ತಿರುಗಿದ. "ಆವತ್ತು ಕಡ್ಡಿ ಸಡಿಲ ಆಗಿತ್ತಲ್ಲ?"

ಭಾವಮೈದ ಬೋಲ್ಟನ್ನು ಬಟ್ಟೆಯಲ್ಲಿ ಒರೆಸತೊಡಗಿದ. ಅದು ಆಗಲೇ ಫಳಫಳ ಎನ್ನುತ್ತಿತ್ತು.

"ಸಡಿಲ ಇರಲಿಲ್ಲ ಭಾವ. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಿ. ನಾನೂ ಬಿಗಿದ ಹಾಗೆ ಮಾಡಿ ಕೊಟ್ಟೆ. ನಿಮ್ಮ ಮುಖದ ಮೇಲೆ ಹೇಳೋಕೆ ನನಗೆ ಬಾಯಿ ಬರಲಿಲ್ಲ."

ಒಂದೇಟು ಅವನನ್ನು ಬೈಯಲು ಹೊರಟವನು ತಡೆದುಕೊಂಡ. ಮಗಳ ಕಡೆ ನೋಡಿದ. ಅವಳು ಹೊಸ್ತಿಲ ಹತ್ತಿರ ನಿಂತು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಗುಂಡು ಕಲ್ಲಿಗೆ ಬಿತ್ತಲ್ಲ ಮಗಾ. ಆಗ ನೀನು ಎಲ್ಲಿದ್ದೆ?"

"ಅವತ್ತೇ ಹೇಳಿದ್ನಲ್ಲ ಅಪ್ಪ. ದಿಬ್ಬದ ಹಿಂದೆ."

"ನಿಜ ಹೇಳು."

ಅವಳು ಬೆರಳಿಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿದಳು.

"ಕಲ್ಲಿನ ಪಕ್ಕದಲ್ಲೇ ಇದ್ದೆ. ಕೈ ಕಲ್ಲಿನ ಮೇಲಿತ್ತು. ಆಗಷ್ಟೇ ತೆಗೆದೆ."

"ಏನೂ ತಾಗಲಿಲ್ವಾ?"

"ಚೂರು ಸಿಡಿದು ಜಾಕೆಟ್ ಹರೀತು ಅಷ್ಟೆ. ಅಮ್ಮ ಹೊಲಿದುಕೊಟ್ಟಳು."

ಅಂದರೆ ಹೆಂಡತಿಗೂ ಗೊತ್ತು. ಇಡೀ ಮನೆಗೆ ಗೊತ್ತು. ಎಲ್ಲರೂ ಸೇರಿ ಹೊಟ್ಟೆಗೆ ಹಾಕಿಕೊಂಡು, ಅವನ ತಟ್ಟೆಗೆ ಬಡಿಸಿ, ಅವನ ಜಂಬದ ಮಾತಿಗೆ ತಲೆಯಾಡಿಸಿಕೊಂಡು ಇದ್ದರು. ಕಣ್ಣು ತೋರಿಸಿಕೊಳ್ರೀ, ಕಣ್ಣು ತೋರಿಸಿಕೊಳ್ರೀ ಎಂದು ಹೆಂಡತಿ ಹಿಂದೆ ಬಿದ್ದಾಗ, ನನ್ನ ಕಣ್ಣಿನ ಸುದ್ದಿ ನಿನಗ್ಯಾಕೆ ಎಂದು ಗದರಿದ್ದವನು ಇವನೇ.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಮತ್ತೆ ಬಂದೂಕು ಮುಟ್ತಿದ್ಯಾ?"

"ಇಲ್ಲ."

"ಅದಕ್ಕೇ. ಬಂದೂಕು ಬಿಟ್ಟು ನೀನು ಮನೇಲಿ ಕೂತರೆ ಹೇಗಿರ್ತೀಯ ಅಂತ ಅಮ್ಮನಿಗೂ ನನಗೂ ಹೆದರಿಕೆ."

"ಆಮೇಲೂ ಬರ್ತಾ ಇದ್ಯಲ್ಲೇ! ಸುಗ್ಗಿ ಮುಗಿಯೋವರೆಗೂ ಬಂದೆ. ಭಯ ಆಗಲಿಲ್ವಾ?"

"ಆಗದೆ ಏನಪ್ಪ?" ಎಂದಳು. "ಅದಕ್ಕೇ ಕೆಮ್ಮಿಕೊಂಡು ಬರ್ತಿದ್ದೆ. ಎಲ್ಲಿದೀನಿ ಅಂತ ನಿನಗೆ ಗೊತ್ತಾಗಲಿ ಅಂತ."

ಕೆಮ್ಮು! ನೆನಪಾಯಿತು. ಕೆಮ್ಮಿದ್ದಕ್ಕೆ ಅವಳ ಮೇಲೆ ಹರಿಹಾಯ್ದಿದ್ದ. ಹಂದಿ ಬೆದರಿ ಓಡಿಹೋಯಿತು, ಔಷಧಿ ಅಂಗಡಿಯಲ್ಲಿದ್ದುಕೊಂಡು ಒಂದು ಕೆಮ್ಮಿಗೆ ಔಷಧಿ ಕುಡಿಯೋಕಾಗಲ್ವಾ ನಿನಗೆ ಎಂದು ಸಂಘದವರ ಎದುರಿಗೇ ಕೂಗಾಡಿದ್ದ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಮುಂದಿನ ಸಲ ಕೆಮ್ಮಿರಲಿಲ್ಲ. ಕೆಮ್ಮದೆ, ಸದ್ದಿಲ್ಲದೆ, ಆಳೆತ್ತರದ ಬೆಳೆಯೊಳಗೆ ಅವನ ಬಂದೂಕಿನ ಎದುರಿಗೆ ನಡೆದು ಬಂದಿದ್ದಳು.

ಒಂದೇಟು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಹೆತ್ತ ಮಗಳನ್ನು ಕೊಂದುಬಿಟ್ಟಿದ್ದರೂ, ಕಡ್ಡಿ ಸಡಿಲವಾಗಿತ್ತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ ಎನ್ನಿಸಿ ನಾಚಿಕೆಯೂ ಭಯವೂ ಒಟ್ಟಿಗೇ ನುಗ್ಗಿ ಬಂದವು. ಭಾವಮೈದ ಏನು ಮಾಡಬೇಕೆಂದು ತಿಳಿಯದೆ ಒಂದು ಲೋಟ ನೀರು ತಂದಿಟ್ಟ.

"ಇದಕ್ಕೆಲ್ಲ ಹೀಗೆ ಕುಗ್ಗಿದ್ರೆ ಹೇಗೆ ಭಾವ? ವಯಸ್ಸಾದ್ಮೇಲೆ ಯಾರ ಕಣ್ಣು ನೆಟ್ಟಗಿರುತ್ತೆ? ನಾಳೆ ಕಣ್ಣಿನ ಡಾಕ್ಟರ್ ಹತ್ರ ಹೋಗೋಣ. ಕನ್ನಡಕ ಕೊಡ್ತಾರೆ, ಬಾಲ ಮಾಯ ಆಗುತ್ತೆ. ಈ ಸೈಟು ಮಾತ್ರ ಬಿಡಬೇಡಿ, ದೇವರಾಣೆ ಗಟ್ಟಿ ಮಾಲು. ನಿಮ್ಮ ಹೆಸರಿನಲ್ಲಿ ಎತ್ತಿಟ್ಟಿರ್ತೀನಿ."

"ಹೌದಪ್ಪ," ಎಂದಳು ಮಗಳು. "ಕನ್ನಡಕ ಹಾಕ್ಕೊಂಡ್ರೆ ಸರಿ ಹೋಗುತ್ತೆ."

ಒಂದೇಟು ಎದ್ದು ಅಧ್ಯಕ್ಷರಿಗೆ ಫೋನ್ ಮಾಡಿದ. ಈ ರಜೆಗೆ ಬರಲಾಗುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ, ನನ್ನ ಕಣ್ಣು ಸರಿಯಿಲ್ಲ ಎಂದ. ಅವರು ಇನ್ನೂ ಏನೋ ಕೇಳುತ್ತಿದ್ದಂತೆಯೇ ಇಟ್ಟುಬಿಟ್ಟ. ಬಂದೂಕನ್ನೂ ಬೋಲ್ಟನ್ನೂ ಭಾವಮೈದನ ಕಡೆ ತಳ್ಳಿ ಬೀರುವಿನಲ್ಲಿಟ್ಟು ಬೀಗ ಹಾಕೆಂದ. ಬೀಗ ಬಿದ್ದ ಮೇಲೆ ಎಳೆದು ನೋಡಿದ.

ಅಪ್ಪ ಮಗಳು ಇಬ್ಬರೂ ಬೀದಿಗೆ ಇಳಿದರು. ಸ್ವಲ್ಪ ದೂರ ನಡೆದ ಮೇಲೆ ಅವನು ನಿಂತ.

"ಕನ್ನಡಕ ಬರುತ್ತೆ ಅಂತಿಟ್ಕೋ. ಚುಕ್ಕೆ ಗುಂಡಗೆ ಕಾಣುತ್ತೆ ಅಂತಿಟ್ಕೋ. ಆಗ ನೀನು ಮತ್ತೆ ನನ್ನ ಮುಂದೆ ನಡೀತೀಯಾ?"

ಮಗಳಿಗೆ ಅಳು ಬಂದಿತ್ತು, ತಡೆದುಕೊಂಡಳು. ಅಪ್ಪನ ಅಂಗಿಯ ತೋಳನ್ನು ಹಿಡಿದು ಹೇಳಿದಳು:

"ನೀನು ಕರೀಬೇಡ ಅಪ್ಪ. ಕರೆದ್ರೆ ನಾನು ಬಂದುಬಿಡ್ತೀನಿ."

ಅವನು ತೋಳು ಹಿಡಿದಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ.

"ಕರೆಯಲ್ಲ ಮಗಾ," ಎಂದ.